ಕನ್ನಂಬಾಡಿಯ ಮಳೆಗೆ ಕಡಲಾಳದ ದಾಖಲೆ

ಜೂನ್ ತಿಂಗಳು ಬಂತೆಂದರೆ ಮಂಡ್ಯದ ಹಳ್ಳಿಗಳಲ್ಲಿ ಮೊದಲು ವಿಚಾರಿಸುವುದು ಕನ್ನಂಬಾಡಿ ಕಟ್ಟೆಗೆ ಎಷ್ಟು ಅಡಿ ನೀರು ಬಂತೆಂಬುದನ್ನು. 124.80 ಅಡಿ ತುಂಬುವ ಆ ಲೆಕ್ಕವು, 1911ರಲ್ಲಿ ಕಾಮಗಾರಿ ಆರಂಭಗೊಂಡ ಅಣೆಕಟ್ಟೆಗಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಆದರೆ ಕೊಡಗಿನ ಬೆಟ್ಟಗಳಿಗೆ ಮಳೆ ಹೊತ್ತು ತರುವ ಮುಂಗಾರು ಗಾಳಿಯ ಸಾವಿರಾರು ವರ್ಷಗಳ ಏರಿಳಿತವು ಅರಬ್ಬಿ ಸಮುದ್ರದ ತಳದ ಕೆಸರಿನಲ್ಲಿ, ಮರಳಿನ ಕಣದಷ್ಟು ಚಿಕ್ಕ ಚಿಪ್ಪುಗಳಲ್ಲಿ ಉಳಿದುಕೊಂಡಿದೆ.

ಚಿಪ್ಪು ಕಟ್ಟುವ ಈ ಏಕಕೋಶ ಜೀವಿಗಳಿಗೆ ಫೊರಾಮಿನಿಫೆರಾ, ಅಂದರೆ ರಂಧ್ರಧಾರಿಗಳು, ಎಂಬ ಹೆಸರನ್ನು 1826ರಲ್ಲಿ ಇಟ್ಟವರು ಫ್ರಾನ್ಸಿನ ಅಲ್ಸೀದ್ ದೋರ್ಬಿನ್ಯಿ. ಸುರುಳಿ ಚಿಪ್ಪನ್ನು ಕಂಡು ಅವರು ಇವನ್ನು ಬೊಂಡಾಸದ ಬಳಗದ ಮೃದ್ವಂಗಿಗಳೆಂದೇ ಭಾವಿಸಿದ್ದರು. ಒಂಬತ್ತು ವರ್ಷಗಳ ಬಳಿಕ ಫೆಲಿಕ್ಸ್ ದ್ಯುಜಾರ್ದ್ಯಾಂ ಆ ತಪ್ಪನ್ನು ತಿದ್ದಿದರು. 1872ರಿಂದ 1876ರವರೆಗೆ ಸಾಗರಗಳನ್ನು ಸುತ್ತಿದ ಚಾಲೆಂಜರ್ ಹಡಗು ಕಡಲತಳದ ವಿಶಾಲ ಪ್ರದೇಶಗಳಿಗೆ ಇವುಗಳ ಚಿಪ್ಪೇ ಹಾಸಿರುವುದನ್ನು ತೋರಿಸಿಕೊಟ್ಟಿತು.

ಆ ಹಾಸನ್ನು ಪದರ ಪದರವಾಗಿ ಓದುವ ವಿದ್ಯೆ ಕೈಗೂಡಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಚಿಪ್ಪಿನಲ್ಲಿರುವ ಭಾರದ ಮತ್ತು ಹಗುರದ ಆಮ್ಲಜನಕಗಳ ಪ್ರಮಾಣದಿಂದ ಪ್ರಾಚೀನ ಸಾಗರಗಳ ಉಷ್ಣತೆಯನ್ನು ಲೆಕ್ಕಹಾಕಬಹುದೆಂದು ಚೆಸಾರೆ ಎಮಿಲಿಯಾನಿ 1955ರಲ್ಲಿ ತೋರಿಸಿದರು.

ನಮ್ಮ ಮುಂಗಾರಿನ ಮಟ್ಟಿಗೆ ಮುಖ್ಯವಾದುದು ಗ್ಲೋಬಿಜೆರಿನಾ ಬುಲ್ಲಾಯ್ಡಿಸ್ ಎಂಬ ಪ್ರಭೇದ. ನೈರುತ್ಯ ಗಾಳಿ ಜೋರಾಗಿ ಬೀಸಿದಾಗ ಒಮಾನ್ ತೀರದ ಮೇಲ್ನೀರು ಆಚೆಗೆ ಸರಿದು, ಆಳದ ತಣ್ಣನೆಯ, ಪೋಷಕಾಂಶಭರಿತ ನೀರು ಮೇಲೆದ್ದು ಬರುತ್ತದೆ. ತಂಪು ನೀರಿಗೆ ಒಗ್ಗಿದ ಈ ಜೀವಿ ಆಗ ಹೇರಳವಾಗಿ ಬೆಳೆದು, ಸತ್ತ ಮೇಲೆ ತನ್ನ ಚಿಪ್ಪನ್ನು ತಳಕ್ಕೆ ಬಿಡುತ್ತದೆ. ಯಾವ ಪದರದಲ್ಲಿ ಇದರ ಪಾಲು ಹೆಚ್ಚೋ ಆ ಕಾಲದ ಗಾಳಿ ಬಲವಾಗಿತ್ತೆಂದು ಅರ್ಥ. ಅನಿಲ್ ಗುಪ್ತಾ ಮತ್ತು ಸಂಗಡಿಗರು ಒಮಾನ್ ಬಳಿಯ ಕೆಸರಿನಲ್ಲಿ ಈ ಚಿಪ್ಪುಗಳನ್ನು ಎಣಿಸಿ, ಉತ್ತರ ಅಟ್ಲಾಂಟಿಕ್ ತಣ್ಣಗಾದ ಕಾಲಘಟ್ಟಗಳಲ್ಲಿ ಮುಂಗಾರು ಗಾಳಿಯೂ ಕುಗ್ಗಿತ್ತೆಂದು 2003ರಲ್ಲಿ ಪ್ರಕಟಿಸಿದರು. ಚಿಪ್ಪು ಹೇಳುವುದು ಗಾಳಿಯ ಕಥೆಯನ್ನು. ಅದರಿಂದ ಭಾಗಮಂಡಲದಲ್ಲಿ ಬಿದ್ದ ಮಳೆಯನ್ನು ಅಂಗುಲದ ಲೆಕ್ಕದಲ್ಲಿ ಹೇಳಲಾಗದು. ಆದರೂ ಕಾವೇರಿಯನ್ನೇ ನಂಬಿ ಭತ್ತ, ಕಬ್ಬು ಬೆಳೆಯುವ ಸೀಮೆಗೆ, ಬರವೆಂಬುದು ಒಂದೆರಡು ವರ್ಷಕ್ಕೆ ಮುಗಿಯದೆ ತಲೆಮಾರುಗಳವರೆಗೆ ಎಳೆಯಬಲ್ಲದೇ ಎಂದು ಕೇಳಿಕೊಳ್ಳಲು ಇದಕ್ಕಿಂತ ದೀರ್ಘವಾದ ಆಧಾರಗಳು ಹೆಚ್ಚಿಲ್ಲ.

ನನ್ನನ್ನು ಕಾಡುವ ಸಂಗತಿ ಬೇರೊಂದಿದೆ. ನಾವು ಸುಟ್ಟ ಇಂಧನದ ಇಂಗಾಲದ ಡೈಆಕ್ಸೈಡ್ ಕಡಲಿನಲ್ಲಿ ಕರಗಿದಂತೆಲ್ಲ ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ಕಡಿಮೆಯಾಗುತ್ತದೆ. ದಕ್ಷಿಣ ಮಹಾಸಾಗರದಲ್ಲಿ ಇದೇ ಬುಲ್ಲಾಯ್ಡಿಸ್‌ನ ಇಂದಿನ ಚಿಪ್ಪುಗಳು, ಅಲ್ಲಿನ ಕೆಸರಿನಲ್ಲಿರುವ ಹಳೆಯ ಚಿಪ್ಪುಗಳಿಗಿಂತ ಶೇ. 30ರಿಂದ 35ರಷ್ಟು ಹಗುರವಾಗಿರುವುದು 2009ರಲ್ಲೇ ವರದಿಯಾಗಿದೆ.