ಖಾಲಿ ಕುರ್ಚಿಯ ಫೋಟೊಗೆ ಬಹುಮಾನ ಹೇಗೆ ಬಂತು?

ಪ್ರಶ್ನೆ: ಮಗನ ಮನೆಗೆ ಅಂತ ಆಮ್‌ಸ್ಟರ್‌ಡ್ಯಾಮಿಗೆ ಹೋಗಿದ್ದೆವು. ಅಲ್ಲಿ ಒಂದು ಫೋಟೊ ಮ್ಯೂಸಿಯಮ್ಮಿಗೆ ಕರ್ಕೊಂಡು ಹೋದ. ಬೇರೆ ಬೇರೆ ದೇಶದ ಹೊಸ ಫೋಟೊಗ್ರಾಫರುಗಳದ್ದು, ಎಲ್ಲಾ ಬಹುಮಾನ ಬಂದವಂತೆ. ಒಂದರಲ್ಲಿ ಖಾಲಿ ಕುರ್ಚಿ, ಇನ್ನೊಂದರಲ್ಲಿ ಯಾರದೋ ಬೆನ್ನು. ಮುಳ್ಳಯ್ಯನಗಿರಿಯಲ್ಲಿ ನಾನು ಮೊಬೈಲಲ್ಲೇ ತೆಗೆದ ಮಂಜಿನ ಫೋಟೊ ಇದಕ್ಕಿಂತ ಎಷ್ಟೋ ಚೆನ್ನಾಗಿದೆ. ಇದಕ್ಕೆಲ್ಲಾ ಬಹುಮಾನ ಹೇಗೆ ಕೊಡ್ತಾರೆ? ಲೈಟ್ ಕೂಡ ಸರಿಯಾಗಿ ಹಾಕಿರಲಿಲ್ಲ. (ಚಿಕ್ಕಮಗಳೂರಿನ ಓದುಗರು)

ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಹಾಸನದಲ್ಲಿ ಭಾನುವಾರದ ಕ್ಲಾಸಿಗೆ ಬರುವ ಹುಡುಗರು ಕೇಳುತ್ತಾರೆ. ಮದುವೆ ಫೋಟೊ ತೆಗೆಯುವ ಗೆಳೆಯರು ಕೇಳುತ್ತಾರೆ. ಕುರ್ಚಿ ಬದಲು ಬಾಗಿಲು ಇರುತ್ತೆ, ಮುಳ್ಳಯ್ಯನಗಿರಿ ಬದಲು ಶೆಟ್ಟಿಹಳ್ಳಿ ಚರ್ಚು ಇರುತ್ತೆ, ಅಷ್ಟೇ ವ್ಯತ್ಯಾಸ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ನಿಮ್ಮ ಮಂಜಿನ ಫೋಟೊ ಚೆನ್ನಾಗಿರಬಹುದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಕುರ್ಚಿಗೆ ಯಾರೂ ಬಹುಮಾನ ಕೊಟ್ಟಿಲ್ಲ. ಆ ಕುರ್ಚಿ ಯಾವ ಗೋಡೆಯ ಮೇಲಿತ್ತೋ ಆ ಇಡೀ ಗೋಡೆಗೆ ಕೊಟ್ಟಿದ್ದಾರೆ.

"ಒಂದು ಒಳ್ಳೆ ಶಾಟ್ ಸಿಕ್ಕರೆ ಬಹುಮಾನ" ಅನ್ನುವ ನಂಬಿಕೆ ನಮ್ಮಲ್ಲಿ ಬೇರು ಬಿಟ್ಟಿದೆ. ಅದಕ್ಕೆ ಕಾರಣವೂ ಇದೆ. ಕರ್ನಾಟಕದ ಹವ್ಯಾಸಿ ಫೋಟೊಗ್ರಫಿ ಬೆಳೆದದ್ದೇ ಫೋಟೊ ಸ್ಪರ್ಧೆ ನಡೆಸುವ ಸಲೂನ್‌ಗಳಲ್ಲಿ. ಬೆಂಗಳೂರಿನ ಯೂತ್ ಫೋಟೊಗ್ರಫಿಕ್ ಸೊಸೈಟಿ 1971ರಲ್ಲಿ ಶುರುವಾಯಿತು. ಟಿ.ಎನ್.ಎ. ಪೆರುಮಾಳ್ ಅಂಥವರ ವನ್ಯಜೀವಿ ಚಿತ್ರಗಳನ್ನು ನೋಡಿ ಒಂದು ತಲೆಮಾರೇ ಕ್ಯಾಮೆರಾ ಹಿಡಿಯಿತು. ಸಲೂನಿನಲ್ಲಿ ಒಂದೊಂದೇ ಫೋಟೊ ತೀರ್ಪುಗಾರರ ಮುಂದೆ ಬರುತ್ತೆ, ಕೆಲವೇ ಸೆಕೆಂಡು ನೋಡಿ ಅಂಕ ಹಾಕುತ್ತಾರೆ. ಅಲ್ಲಿ ಆ ಒಂದು ಫೋಟೊ ತಾನೇ ಎದ್ದು ನಿಲ್ಲಬೇಕು. ನಾನೂ ಅಲ್ಲೇ ಕಲಿತವನು, ಆ ಶಿಸ್ತಿನ ಮೇಲೆ ನನಗೆ ತುಂಬಾ ಗೌರವವಿದೆ. ಸುದ್ದಿ ಫೋಟೊಗಳಲ್ಲೂ ಒಂದೇ ಚಿತ್ರ ಸಾಕಾಗುವುದುಂಟು. 1984ರ ಭೋಪಾಲ್ ಅನಿಲ ದುರಂತದಲ್ಲಿ ಸತ್ತ ಮಗುವನ್ನು ಮಣ್ಣು ಮಾಡುವಾಗ ಕಂಡ ಅದರ ಮುಖ. ಪಾಬ್ಲೊ ಬಾರ್ಥಲೋಮ್ಯೂ ತೆಗೆದ ಆ ಚಿತ್ರಕ್ಕೆ ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯ ವರ್ಷದ ಅತ್ಯುತ್ತಮ ಚಿತ್ರದ ಗೌರವ ಬಂತು. ಅದರ ಪಕ್ಕ ಇನ್ನೊಂದು ಫೋಟೊ ಬೇಕಿಲ್ಲ.

ಮ್ಯೂಸಿಯಮ್ಮುಗಳು ಹೊಸಬರಿಗೆ ಕೊಡುವ ಬಹುಮಾನದ ರೀತಿ ಬೇರೆ. ಆಮ್‌ಸ್ಟರ್‌ಡ್ಯಾಮಿನ ಫೋಮ್ ಮ್ಯೂಸಿಯಮ್ಮನ್ನೇ ತಗೊಳ್ಳಿ. ಅವರ ಪಾಲ್ ಹಫ್ ಪ್ರಶಸ್ತಿ 2007ರಿಂದ ಇದೆ. ಬೇರೆ ಬೇರೆ ದೇಶಗಳ ತಜ್ಞರು ಯುವ ಫೋಟೊಗ್ರಾಫರುಗಳ ಹೆಸರು ಸೂಚಿಸುತ್ತಾರೆ, ತೀರ್ಪುಗಾರರು ಒಟ್ಟು ಕೆಲಸ ನೋಡಿ ಆರಿಸುತ್ತಾರೆ. ಗೆದ್ದವರಿಗೆ ದುಡ್ಡಿನ ಜೊತೆಗೆ ಅದೇ ಮ್ಯೂಸಿಯಮ್ಮಿನಲ್ಲಿ ಅವರೊಬ್ಬರದೇ ಪ್ರದರ್ಶನ. ಒಂದು ಲಕ್ಕಿ ಶಾಟ್ ಇಟ್ಟುಕೊಂಡು ಇಡೀ ಪ್ರದರ್ಶನ ತುಂಬಿಸೋಕಾಗುತ್ತಾ?

2008ರಲ್ಲಿ ಈ ಪ್ರಶಸ್ತಿ ದಕ್ಷಿಣ ಆಫ್ರಿಕಾದ ಪೀಟರ್ ಹ್ಯೂಗೊಗೆ ಬಂತು. ಅವರ ಹೈನಾ (ಕತ್ತೆಕಿರುಬ) ಸರಣಿಯ ಕಥೆಯನ್ನು ನಾನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. ಶುರುವಾದದ್ದು ಒಂದು ಮೊಬೈಲ್ ಫೋಟೊದಿಂದ. ನೈಜೀರಿಯಾದ ಲಾಗೋಸಿನಲ್ಲಿ ಯಾರೋ ಕಾರಿನ ಕಿಟಕಿಯಿಂದ ತೆಗೆದಿದ್ದರು: ರಸ್ತೆಯಲ್ಲಿ ಕೆಲವರು ಕತ್ತೆಕಿರುಬಕ್ಕೆ ಸರಪಳಿ ಹಾಕಿ ನಡೆಸಿಕೊಂಡು ಹೋಗುತ್ತಿದ್ದಾರೆ. ಆ ಒಂದು ಫೋಟೊ ಪೇಪರಿನಲ್ಲೂ ಬಂತು. ಇವರು ಬ್ಯಾಂಕ್ ದರೋಡೆಕೋರರು, ಸಾಲ ವಸೂಲಿ ಮಾಡುವ ರೌಡಿಗಳು ಅಂತ ಅಲ್ಲಿನ ಪತ್ರಿಕೆಗಳು ಬರೆದವು. ಹ್ಯೂಗೊ ಹುಡುಕಿಕೊಂಡು ಹೋಗಿ ಅವರ ಜೊತೆ ದಿನಗಟ್ಟಲೆ ಓಡಾಡಿದರು, ಎರಡು ವರ್ಷ ಬಿಟ್ಟು ಮತ್ತೆ ಹೋದರು. ನೋಡಿದರೆ ಅವರೆಲ್ಲ ಒಂದೇ ಬಳಗದವರು. ಊರೂರು ಸುತ್ತಿ ಪ್ರಾಣಿ ಆಡಿಸಿ ನಾಟಿ ಔಷಧಿ ಮಾರುವವರು. ತಲೆಮಾರಿನಿಂದ ಬಂದ ಕಸುಬು.

ನಮ್ಮ ಕೋಲೆ ಬಸವನವರನ್ನು ನೆನಪಿಸಿಕೊಳ್ಳಿ. ಹಾಸನದ ಬಿ.ಎಂ. ರಸ್ತೆಯಲ್ಲಿ ಯಾರೋ ಹೊರಗಿನವರು ಕಾರಿಂದಲೇ ಒಂದು ಫೋಟೊ ಹೊಡೆದು ಏನೋ ಬರೆದು ಹಾಕಿದರೆ ನಮಗೆ ಹೇಗನಿಸುತ್ತೆ? ಆ ಬಸವನ ಮೈಮೇಲಿನ ಬಟ್ಟೆ ಹೊಲಿದವರು ಯಾರು, ರಾತ್ರಿ ಅದನ್ನು ಎಲ್ಲಿ ಕಟ್ಟುತ್ತಾರೆ, ಮಗ ಆ ಕಸುಬಿಗೆ ಬಂದನೋ ಇಲ್ಲವೋ, ಇದ್ಯಾವುದೂ ಒಂದು ಫೋಟೊದಲ್ಲಿ ಬರಲ್ಲ. ಹ್ಯೂಗೊ ಸರಣಿಯಲ್ಲಿ ಒಂದಾದ ಮೇಲೆ ಒಂದು ನೋಡುತ್ತಾ ಹೋದರೆ ಮೊದಲು ಕತ್ತೆಕಿರುಬ ಕಾಣುತ್ತೆ. ಆಮೇಲೆ ಮನುಷ್ಯ ಕಾಣುತ್ತಾನೆ.

ಇನ್ನೂ ಒಪ್ಪದಿದ್ದರೆ ಹಳೇಬೀಡಿಗೆ ಹೋಗಿ ಬನ್ನಿ. ಹೊಯ್ಸಳೇಶ್ವರ ಗುಡಿಯ ಹೊರಗೋಡೆಯಲ್ಲಿ ಕೆಳಗೆ ಆನೆ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಇನ್ನೂ ಮೇಲೆ ರಾಮಾಯಣ ಮಹಾಭಾರತ. ಅದರಲ್ಲಿ ಒಂದು ಆನೆಯನ್ನು ಮಾತ್ರ ಕತ್ತರಿಸಿ ತೋರಿಸಿ "ಇದೇನು ಮಹಾ ಕಲೆ" ಅಂತ ಕೇಳಿದರೆ? ಆ ಗೋಡೆಯನ್ನು ಸುತ್ತು ಹಾಕುತ್ತಾ ಓದಬೇಕು. ಬೇಲೂರಿನಲ್ಲಿ ಎಲ್ಲರೂ ದರ್ಪಣ ಸುಂದರಿಯ ಫೋಟೊ ತೆಗೆದು ಬಸ್ ಹತ್ತುತ್ತಾರೆ. ಒಂದೇ ಫೋಟೊ ಹುಡುಕುವ ಅಭ್ಯಾಸ ನಮ್ಮನ್ನು ಅಲ್ಲೂ ಬಿಟ್ಟಿಲ್ಲ.

ನನ್ನ ವಿದ್ಯಾರ್ಥಿನಿ ಒಬ್ಬಳು ಮೂಡಿಗೆರೆ ಕಡೆಯವಳು. ಕಾಫಿ ಕೊಯ್ಲಿನ ಮೇಲೆ ಒಂದು ಸರಣಿ ಮಾಡಿದಳು. ಅಂಗೈ ತುಂಬಾ ಕೆಂಪು ಹಣ್ಣಿನ ಫೋಟೊ ತೆಗೀಬೇಡ, ಅದು ಎಲ್ಲರ ಹತ್ರಾನೂ ಇದೆ ಅಂತ ಮೊದಲೇ ಹೇಳಿದ್ದೆ. ಹದಿನಾಲ್ಕು ಚಿತ್ರ ತಂದಳು. ಸಂಜೆ ಹಣ್ಣು ತೂಗುವಾಗ ತಕ್ಕಡಿ ಮುಳ್ಳನ್ನೇ ನೋಡುತ್ತಿರುವ ನಾಲ್ಕು ಜೋಡಿ ಕಣ್ಣು. ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕದಲ್ಲಿ ಹೆಸರಿನ ಮುಂದೆ ಕಿಲೋ. ಕಣದಲ್ಲಿ ಹರಡಿದ ಬೀಜದ ಮೇಲೆ ಒಂದು ಚಪ್ಪಲಿ ಗುರುತು. ಕೊನೆಯದು ಕೊಯ್ಲಿಗೆ ಬಂದವರು ಇರುವ ಲೈನ್ ಮನೆ ಗೋಡೆಯ ಒಂದು ಮೊಳೆ, ಬೇರೇನಿಲ್ಲ. ಮೊದಲನೇ ಚಿತ್ರದಲ್ಲಿ ಅದೇ ಮೊಳೆಗೆ ಒಂದು ಹೆಂಗಸಿನ ಸ್ವೆಟರ್, ಒಂದು ಮಗುವಿನ ಟೋಪಿ ನೇತಾಡುತ್ತಿತ್ತು. ಕೊಯ್ಲು ಮುಗಿಯಿತು, ಅವರು ಊರಿಗೆ ಹೋದರು. ಆ ಮೊಳೆಯ ಫೋಟೊವನ್ನು ಒಂದೇ ಕಳಿಸಿದ್ದರೆ ನೀವು ನನಗೆ ಇದೇ ಪ್ರಶ್ನೆ ಬರೆಯುತ್ತಿದ್ದಿರಿ. ಕ್ಲಾಸಿನಲ್ಲಿ ಅವತ್ತು ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನನಗಂತೂ ಅಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ.

ಇಷ್ಟೆಲ್ಲಾ ಓದಿದ ಮೇಲೂ ಆ ಕುರ್ಚಿ ನಿಮಗೆ ಹಿಡಿಸದೇ ಇರಬಹುದು. ಪರವಾಗಿಲ್ಲ, ಬಹುಮಾನ ಬಂದದ್ದೆಲ್ಲಾ ನನಗೂ ಹಿಡಿಸುವುದಿಲ್ಲ. ಗೋಡೆಯ ಶುರುವಿನಲ್ಲಿ ಹಾಕಿರುವ ನಾಲ್ಕು ಸಾಲು ಓದಿ, ಕೊನೆಯವರೆಗೂ ನಡೆದು, ಆಮೇಲೆ ಬೇಡ ಅನ್ನಿ.

ಲೈಟಿನ ವಿಷಯ ಸುಮ್ನೆ ಕೊನೆಯಲ್ಲಿ ಸೇರಿಸಿದ್ದೀರಿ, ಆದರೆ ನನಗೆ ಅದೇ ಜಾಸ್ತಿ ಮುಖ್ಯ. ಅವರು ಬೇಕಂತಲೇ ಕಡಿಮೆ ಇಡುತ್ತಾರೆ. ಬೆಳಕಿಗೆ ಬೇಗ ಮಾಸುವ ಕಾಗದದ ಕೆಲಸಗಳಿಗೆ ಮ್ಯೂಸಿಯಮ್ಮುಗಳಲ್ಲಿ ಸಾಮಾನ್ಯವಾಗಿ 50 ಲಕ್ಸ್ (ಬೆಳಕಿನ ಅಳತೆ) ಆಸುಪಾಸು ಬೆಳಕು. ನಿಮ್ಮ ಮನೆ ಹಾಲ್ ಕಿಟಕಿ ಪಕ್ಕ ಹಗಲಲ್ಲಿ ಅದರ ಎಷ್ಟೋ ಪಟ್ಟು ಇರುತ್ತೆ. ಅಲ್ಲೇ ನಿಮ್ಮ ಮದುವೆ ಫೋಟೊ ನೇತು ಹಾಕಿದ್ದೀರಿ, ಅಲ್ವಾ?

ಎಂಬತ್ತರ ದಶಕದ ಬಣ್ಣದ ಫೋಟೊ ಆದರೆ ಅದು ಈಗಾಗಲೇ ಕೆಂಪಾಗಿರಬಹುದು. ಬಣ್ಣದ ಫೋಟೊದಲ್ಲಿ ಸಯಾನ್, ಮೆಜೆಂಟಾ, ಹಳದಿ ಅಂತ ಮೂರು ಡೈಗಳಿರುತ್ತವೆ, ಅಂದರೆ ಬಣ್ಣಗಳು. ಮೂರೂ ಒಂದೇ ವೇಗದಲ್ಲಿ ಮಾಸುವುದಿಲ್ಲ. ಆ ಕಾಲದ ಎಷ್ಟೋ ಪೇಪರುಗಳಲ್ಲಿ ಸಯಾನ್ ಮೊದಲು ಹೋಯಿತು, ಆಲ್ಬಮ್ಮಿನ ಕತ್ತಲೆಯಲ್ಲಿ ಇಟ್ಟರೂ ಹೋಯಿತು. ಉಳಿದ ಎರಡು ಸೇರಿ ಆ ಕೆಂಪು. ಪಕ್ಕದಲ್ಲೇ ಇರುವ ಅಜ್ಜನ ಕಪ್ಪು ಬಿಳುಪು ಫೋಟೊ ಅದಕ್ಕಿಂತ ಹಳೆಯದಾದರೂ ಗಟ್ಟಿಯಾಗಿದೆ. ಅದರಲ್ಲಿರುವುದು ಡೈ ಅಲ್ಲ, ಬೆಳ್ಳಿ.

ಮಲೆನಾಡಿನವರಿಗೆ ಇನ್ನೊಂದು ಕಾಟ ತೇವ. ಮಳೆಗಾಲದಲ್ಲಿ ಹೊರಗೋಡೆಗೆ ತೂಗು ಹಾಕಿದ ಫ್ರೇಮಿನೊಳಗೆ ಬೂಸ್ಟು ಬರುತ್ತೆ, ಫೋಟೊ ಗಾಜಿಗೆ ಅಂಟಿಕೊಳ್ಳುತ್ತೆ. ಹಾಗೆ ಅಂಟಿದ್ದನ್ನು ದಯವಿಟ್ಟು ಕೀಳಬೇಡಿ. ನಮ್ಮ ಮನೆಯಲ್ಲೇ ಹಾಗೆ ಕಿತ್ತು ನನ್ನ ಅಮ್ಮನ ಕೆನ್ನೆ ಗಾಜಿನಲ್ಲೇ ಉಳಿದುಬಿಟ್ಟಿತು. ಗಾಜಿನ ಸಮೇತ, ಫ್ಲ್ಯಾಶ್ ಇಲ್ಲದೆ, ಓರೆ ಬೆಳಕಿನಲ್ಲಿ ಮೊದಲು ಒಂದು ಒಳ್ಳೆ ಕಾಪಿ ತೆಗೆದುಕೊಳ್ಳಿ. ಹೊಸದಾಗಿ ಕಟ್ಟಿಸುವಾಗ ಗಾಜಿಗೂ ಫೋಟೊಗೂ ಮಧ್ಯೆ ಜಾಗ ಬಿಡುವಂತೆ ಸುತ್ತ ದಪ್ಪ ರಟ್ಟಿನ ಅಂಚು ಹಾಕಿ ಅಂತ ಕಟ್ಟು ಹಾಕುವವರಿಗೆ ಹೇಳಿ. ಒಳಗಿನ ಗೋಡೆ ನೋಡಿ, ಬಿಸಿಲು ಬೀಳದ ಕಡೆ ತೂಗು ಹಾಕಿ. ಜೂನಿಗೆ ಮುಂಚೆ ಮಾಡಿಸಿಬಿಡಿ.