ದಿನವೂ ಎಳೆಬಿಸಿಲು ಕಾಯಿಸಿದರೂ ವಿಟಮಿನ್ ಡಿ ಏಕೆ ಕಡಿಮೆ?

ಪ್ರಶ್ನೆ: ನನ್ನ ತಾಯಿಗೆ 56 ವರ್ಷ, ಮುಟ್ಟು ನಿಂತು ನಾಲ್ಕೈದು ವರ್ಷವಾಗಿದೆ. ಬೆಳಗ್ಗೆ ಆರೂವರೆಗೆಲ್ಲ ಪಾರ್ಕಿಗೆ ಹೋಗಿ ಒಂದು ಗಂಟೆ ನಡೆಯುತ್ತಾರೆ, ಎಳೆಬಿಸಿಲಿನಲ್ಲಿ ಕೂರುತ್ತಾರೆ, ದಿನಕ್ಕೆ ಎರಡು ಲೋಟ ಹಾಲು ಕುಡಿಯುತ್ತಾರೆ. ಆದರೂ ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ತೀರಾ ಕಡಿಮೆ ಬಂದಿದೆ. ಮೂಳೆ ಸವೆಯದಂತೆ ಇನ್ನೇನು ಮಾಡಬೇಕು?

ಉತ್ತರ: ಎಳೆಬಿಸಿಲಿನ ಬಗ್ಗೆ ನಾನು ಬರೆಯುತ್ತಲೇ ಇದ್ದೇನೆ, ಕಾಯಿಸುವವರು ಕಾಯಿಸುತ್ತಲೇ ಇದ್ದಾರೆ. ಇನ್ನೊಮ್ಮೆ ಹೇಳುತ್ತೇನೆ: ಆರೂವರೆ, ಏಳು ಗಂಟೆಯ ಬಿಸಿಲಿನಿಂದ ವಿಟಮಿನ್ ಡಿ ಸಿಗುವುದಿಲ್ಲವೆಂದೇ ಲೆಕ್ಕ ಹಿಡಿಯಿರಿ.

ಚರ್ಮದಲ್ಲಿ ಈ ವಿಟಮಿನ್ ತಯಾರಾಗಲು ಅತಿನೇರಳೆ ಕಿರಣಗಳಲ್ಲಿ ‘ಬಿ’ ಬಗೆಯವು ಬೇಕು. ಸೂರ್ಯ ಕೆಳಗಿರುವಾಗ ಕಿರಣಗಳು ಓರೆಯಾಗಿ, ವಾತಾವರಣದೊಳಗೆ ಹೆಚ್ಚು ದೂರ ಹಾದು ಬರಬೇಕಾಗುತ್ತದೆ. ಆ ದಾರಿಯಲ್ಲೇ ಓಝೋನ್ ಅವನ್ನು ಬಹುಪಾಲು ಹೀರಿಕೊಂಡುಬಿಡುತ್ತದೆ. ನಿಮ್ಮ ತಾಯಿಯ ಬೆನ್ನಿಗೆ ಹಿತವಾಗಿ ತಾಗುವುದು ಉಳಿದ ಬೆಳಕು ಮತ್ತು ಶಾಖ ಮಾತ್ರ. ನಂಬಿಕೆ ಬರದಿದ್ದರೆ ಪಾರ್ಕಿನಲ್ಲಿ ನಿಂತು ನೆರಳು ನೋಡಿಕೊಳ್ಳಲಿ. ನೆರಳು ಅವರಿಗಿಂತ ಉದ್ದವಾಗಿದ್ದರೆ ಆ ಬಿಸಿಲು ಈ ಕೆಲಸಕ್ಕೆ ಬಾರದು, ಗಿಡ್ಡವಾಗಿದ್ದರೆ ಬರುತ್ತದೆ. ಏಪ್ರಿಲ್ 24ರ ಆಸುಪಾಸಿನಲ್ಲಿ ಬೆಂಗಳೂರಿನವರು, ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬಂದು ನೆರಳೇ ಕಾಣದ ಶೂನ್ಯ ನೆರಳಿನ ದಿನವೆಂದು ಬಾಟಲಿ ನಿಲ್ಲಿಸಿ ಫೋಟೊ ತೆಗೆದು ಹಂಚುತ್ತಾರೆ. ಅದೇ ಜನ ಮರುದಿನ ಬೆಳಗ್ಗೆ ಮಾರುದ್ದದ ನೆರಳು ಬೀಳಿಸಿಕೊಂಡು ವಿಟಮಿನ್‌ಗೆ ಕಾಯುತ್ತಾರೆ!

‘ಮಧ್ಯಾಹ್ನದ ಬಿಸಿಲಿಗೆ ಮೈ ಕಪ್ಪಾಗುತ್ತದಲ್ಲ?’ ಎಂಬುದು ಮುಂದಿನ ಆಕ್ಷೇಪ. ಆಗಬಹುದು. ಮುಖಕ್ಕೆ ಟೋಪಿ ಇರಲಿ, ಕೈಕಾಲು ತೆರೆದಿರಲಿ. ಹನ್ನೊಂದರಿಂದ ಎರಡರ ನಡುವೆ, ಚರ್ಮ ಉರಿಯದಷ್ಟು ಹೊತ್ತು, ವಾರದಲ್ಲಿ ನಾಲ್ಕಾರು ದಿನ. ಕಂದು ಚರ್ಮದಲ್ಲಿ ಈ ತಯಾರಿಕೆ ನಿಧಾನ, ಐದು ನಿಮಿಷ ಸಾಲದು. ತುಂಬುತೋಳಿನ ರವಿಕೆ, ಮೇಲೊಂದು ಸ್ವೆಟರ್ ಹಾಕಿ ಕೂತರೆ ಎಷ್ಟು ಹೊತ್ತಾದರೂ ಅಷ್ಟೇ. ಇನ್ನು ಗಾಜು ಮುಚ್ಚಿದ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುವವರಿಗೆ ಏನು ಹೇಳಲಿ? ‘ಬಿ’ ಕಿರಣ ಗಾಜು ದಾಟುವುದಿಲ್ಲ.

ಹಾಗೆಂದು ಬೆಳಗಿನ ನಡಿಗೆ ಬಿಡಿಸಬೇಡಿ. ಮೈಭಾರ ಕಾಲಿನ ಮೇಲೆ ಬೀಳುವ ವ್ಯಾಯಾಮ ಮೂಳೆಗೆ ಬೇಕು. ಕುರ್ಚಿಯಿಂದ ಕೈ ಊರದೆ ಹತ್ತು ಬಾರಿ ಏಳುವುದನ್ನೂ ಸೇರಿಸಿ. ತೊಡೆ ಗಟ್ಟಿಯಿದ್ದರೆ ಬಚ್ಚಲುಮನೆಯಲ್ಲಿ ಮುಗ್ಗರಿಸುವುದು ಕಡಿಮೆ, ಸೊಂಟದ ಮೂಳೆ ಮುರಿಯುವುದೂ ಕಡಿಮೆ.

ಹಾಲಿನ ಲೆಕ್ಕ ಬೇಗ ಮುಗಿಸುತ್ತೇನೆ. ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಎರಡು ಲೋಟ ಹಾಲಿನಿಂದ 500ರ ಆಸುಪಾಸು ಬರುತ್ತದೆ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350 ಇದೆ. ಮೊಸರು, ಎಳ್ಳು, ಸೊಪ್ಪು ಉಳಿದುದನ್ನು ತುಂಬಬಲ್ಲವು. ಆದರೆ ವಿಟಮಿನ್ ಡಿ ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂನಲ್ಲಿ ಕರುಳು ಹೀರಿಕೊಳ್ಳುವುದು ನೂರಕ್ಕೆ ಹತ್ತು ಹದಿನೈದು ಪಾಲು ಮಾತ್ರ. ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲಿ, ಈಸ್ಟ್ರೊಜೆನ್ ಹಾರ್ಮೋನ್ ಇಳಿದು, ಮೂಳೆ ವೇಗವಾಗಿ ಸವೆಯುತ್ತದೆ. ಅದಕ್ಕೆ ನೋವಿರುವುದಿಲ್ಲ. ಹಾಗಾಗಿ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ಕೇಳಿ. ಅದರಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆತದ ಕಾಯಿಲೆ, ಎನ್ನುತ್ತಾರೆ.

ವಿಟಮಿನ್ ಡಿ ಇಷ್ಟು ಕಡಿಮೆ ಬಂದಾಗ ಬಿಸಿಲನ್ನೇ ನೆಚ್ಚಿ ಕೂರುವಂತಿಲ್ಲ. ವೈದ್ಯರು ಸಾಮಾನ್ಯವಾಗಿ ವಾರಕ್ಕೊಂದು 60,000 ಯೂನಿಟ್‌ನ ವಿಟಮಿನ್ ಡಿ ಪುಡಿ ಅಥವಾ ಮಾತ್ರೆ ಬರೆಯುತ್ತಾರೆ. ಅವರು ಹೇಳಿದ ವಾರಗಳು ಮುಗಿದ ಮೇಲೆ ನಿಲ್ಲಿಸಿ. ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಕೊಂಡು ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಈ ವಯಸ್ಸಿನ ಬಹಳ ಹೆಂಗಸರು ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಮರೆತುಹೋದೀತೆಂದು ಕ್ಯಾಲ್ಸಿಯಂ ಮಾತ್ರೆಯನ್ನೂ ಅದರ ಜೊತೆಗೇ ನುಂಗುತ್ತಾರೆ. ಹಾಗೆ ಮಾಡಿದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ, ಥೈರಾಯ್ಡ್ ಕೊರತೆ ತೋರಿಸುವ ಟಿಎಸ್‌ಎಚ್ ರಕ್ತ ಪರೀಕ್ಷೆಯಲ್ಲಿ ಏರುತ್ತದೆ, ವೈದ್ಯರು ಡೋಸ್ ಏರಿಸುತ್ತಾರೆ. ಎರಡರ ನಡುವೆ ನಾಲ್ಕು ಗಂಟೆ ಅಂತರವಿರಲಿ: ಥೈರಾಯ್ಡ್ ಮಾತ್ರೆ ಬೆಳಗ್ಗೆ ಖಾಲಿ ಹೊಟ್ಟೆಗೆ, ಕ್ಯಾಲ್ಸಿಯಂ ಮಧ್ಯಾಹ್ನ ಅಥವಾ ರಾತ್ರಿಯ ಊಟದ ಜೊತೆಗೆ.