ಷಡ್ಡಕರ ಬೆಳ್ಳಿಹಬ್ಬ ಮತ್ತು ವೈನ್ ಪಟ್ಟಿ

ನನ್ನ ಷಡ್ಡಕರು ಜಯನಗರದಲ್ಲಿ ಲೆಕ್ಕಪರಿಶೋಧಕರು. 2024ರ ಏಪ್ರಿಲ್ 25ಕ್ಕೆ ಅವರ ಮದುವೆಗೆ ಇಪ್ಪತ್ತೈದು ವರ್ಷ ತುಂಬುವುದಿತ್ತು. ತಿಂಗಳ ಮೊದಲ ವಾರ ಫೋನ್ ಮಾಡಿದರು. "ಒಳ್ಳೆಯ ಫ್ರೆಂಚ್ ಊಟ ಆಗಬೇಕು, ವೈನೂ ಚೆನ್ನಾಗಿರಬೇಕು. ನೀನು ಒಂದು ಹೆಸರು ಹೇಳಪ್ಪಾ, ಸಾಕು."

ಹದಿನೆಂಟು ವರ್ಷ ಹೋಟೆಲುಗಳಲ್ಲಿ ವೈನ್ ಬಡಿಸಿ, ಈಗ ರೆಸ್ಟೋರೆಂಟುಗಳಿಗೆ ವೈನ್ ಪಟ್ಟಿ ಬರೆದುಕೊಡುತ್ತಾ ಹೊಟ್ಟೆ ಹೊರೆಯುವ ನನಗೆ ಈ ಪ್ರಶ್ನೆ ಹೊಸದಲ್ಲ. ಹೆಸರನ್ನು ಮಾತ್ರ ಯಾರಿಗೂ ಹೇಳುವುದಿಲ್ಲ. ಬೆಂಗಳೂರಿನಲ್ಲಿ ಬಾಣಸಿಗರು ಬಾಡಿಗೆ ಮನೆಯವರಿಗಿಂತ ಬೇಗ ಜಾಗ ಬದಲಿಸುತ್ತಾರೆ. ಹೋದ ವರ್ಷ ನಾನು ಹೊಗಳಿದ ಅಡುಗೆಮನೆಯಲ್ಲಿ ಇಂದು ಯಾರಿದ್ದಾರೋ ನನಗೇ ತಿಳಿದಿರುವುದಿಲ್ಲ. ಷಡ್ಡಕರು ಬಿಡಲಿಲ್ಲ. "ಆ ಮಿಷಲಿನ್ ನಕ್ಷತ್ರ ಇರುವ ಜಾಗ ಯಾವುದಾದರೂ?" ಎಂದರು. ಟಯರ್ ಕಂಪನಿಯೊಂದು 1900ರಲ್ಲಿ ವಾಹನ ಓಡಿಸುವವರಿಗೆಂದು ಹೊರತಂದ ಕೈಪಿಡಿ ಅದು. ಒಳ್ಳೆಯ ಊಟದ ಜಾಗಗಳಿಗೆ ನಕ್ಷತ್ರ ಕೊಡಲು ಶುರುಮಾಡಿದ್ದು 1926ರಲ್ಲಿ. ಬೆಂಗಳೂರಿನ ಯಾವ ರೆಸ್ಟೋರೆಂಟಿಗೂ ಆ ನಕ್ಷತ್ರವಿಲ್ಲ. ಇದೆಯೆಂಬಂತೆ ಜಾಹೀರಾತು ಹಾಕಿಕೊಂಡವರು ಇದ್ದರೆ, ಅವರ ಬಾಣಸಿಗ ಎಂದೋ ಎಲ್ಲೋ ಅಂಥ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚಿದ್ದಾನೆ ಎಂದಷ್ಟೇ ಅರ್ಥ.

"ನಿಮ್ಮ ಮನಸ್ಸಿನಲ್ಲಿರುವ ಮೂರು ಜಾಗಗಳಿಂದ ವೈನ್ ಪಟ್ಟಿ ತರಿಸಿ ನನಗೆ ಕಳುಹಿಸಿ" ಎಂದೆ. ಮೆನು ಬೇಡವೇ ಎಂದು ಅವರಿಗೆ ಆಶ್ಚರ್ಯ. ಮೆನುವಿನಲ್ಲಿ ಯಾರು ಏನನ್ನು ಬೇಕಾದರೂ ಬರೆಯಬಹುದು. ವೈನ್ ಪಟ್ಟಿಯಲ್ಲಿ ಬರೆದದ್ದನ್ನು ಬಾಟಲಿಯ ಮೇಲಿನ ಚೀಟಿಯೊಂದಿಗೆ ತಾಳೆ ನೋಡಬಹುದು. ದರ್ಶಿನಿಯಲ್ಲಿ ದೋಸೆಗೆ ಮೊದಲು ಚಟ್ನಿಯನ್ನು ನಾಲಿಗೆಗೆ ಹಚ್ಚಿ ನೋಡುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮೊದಲ ಪಟ್ಟಿ ನಲವತ್ತು ಪುಟ. ತೆರೆದರೆ, "ಶಾಬ್ಲಿ" ಎಂದು ಬರೆದು ಮುಂದೆ ಬೆಲೆ. ಮಾಡಿದವರ ಹೆಸರಿಲ್ಲ, ವರ್ಷವಿಲ್ಲ. ಶಾಬ್ಲಿ ಎಂಬುದು ಬ್ರಾಂಡ್ ಅಲ್ಲ, ಫ್ರಾನ್ಸಿನ ಒಂದು ಊರು. ಅಲ್ಲಿ ನೂರಾರು ಜನ ಶಾರ್ಡನೆ ದ್ರಾಕ್ಷಿ ಬೆಳೆದು ವೈನ್ ಮಾಡುತ್ತಾರೆ. ಬರೀ ಶಾಬ್ಲಿ ಎನ್ನುವುದು, ಯಾವ ತೋಟದ್ದು, ಯಾವಾಗ ಹುರಿದದ್ದು ಎಂದು ಹೇಳದೆ "ಚಿಕ್ಕಮಗಳೂರು ಕಾಫಿ" ಎಂದು ಮಾರಿದಂತೆ. ಫ್ರಾನ್ಸಿನ ಬರ್ಗಂಡಿ ಪ್ರಾಂತದಲ್ಲಿ ಕ್ಲೋ ದ ವೂಜೋ ಎಂಬ ಕಲ್ಲುಗೋಡೆಯ ತೋಟವೊಂದಿದೆ. ಸನ್ಯಾಸಿಗಳು ಕಟ್ಟಿದ್ದು, ಸುಮಾರು 50 ಹೆಕ್ಟೇರ್. ಇಂದು ಅದಕ್ಕೆ ಎಂಬತ್ತರಷ್ಟು ಒಡೆಯರು. ಗುಡ್ಡದ ಮೇಲ್ಭಾಗದಲ್ಲಿ ನೀರು ಬಸಿದುಹೋಗುವ ನೆಲದವನ ವೈನೂ, ರಸ್ತೆಯ ಪಕ್ಕ ತಗ್ಗಿನಲ್ಲಿ ತೇವ ನಿಲ್ಲುವ ನೆಲದವನ ವೈನೂ ಚೀಟಿಯ ಮೇಲೆ ಒಂದೇ ಹೆಸರನ್ನು ಹೊತ್ತಿರುತ್ತವೆ. ಮಾಡಿದವನು ಯಾರು ಎಂಬುದೇ ಅಲ್ಲಿ ಮುಖ್ಯ. ಫ್ರಾನ್ಸಿನಲ್ಲಿ 1935ರಿಂದ ಊರಿನ ಹೆಸರಿಗೆ ಕಾನೂನಿನ ಕಟ್ಟು ಇದೆ: ಯಾವ ದ್ರಾಕ್ಷಿ, ಎಕರೆಗೆ ಎಷ್ಟು ಇಳುವರಿ ಎಂಬುದೆಲ್ಲ ಅದರಲ್ಲಿದೆ. ಬೆಳೆಗಾರನ ಕೈಗುಣಕ್ಕೆ ಯಾವ ಕಾನೂನೂ ಜಾಮೀನು ನಿಲ್ಲುವುದಿಲ್ಲ. ವರ್ಷ ಬರೆಯದ ಪಟ್ಟಿ ಎಂದರೆ, ಮಾರಾಟಗಾರ ಕಳುಹಿಸಿದ್ದನ್ನು ಎಣಿಸದೆ ಒಳಗಿಟ್ಟುಕೊಂಡಿದ್ದಾರೆ ಎಂದು ಓದಿಕೊಳ್ಳುತ್ತೇನೆ. ಆ ನಲವತ್ತು ಪುಟ ಅಲ್ಲಿಗೇ ಮುಗಿಯಿತು.

ಎರಡನೆಯದರಲ್ಲಿ ವರ್ಷವೂ ಇತ್ತು, ಹೆಸರೂ ಇತ್ತು. ಹೆಸರು ತುಸು ಜಾಸ್ತಿಯೇ ಇತ್ತು. ಮೂರನೆಯ ನೆಪೋಲಿಯನ್ ಪ್ಯಾರಿಸ್ಸಿನಲ್ಲಿ ನಡೆಸಿದ ವಸ್ತುಪ್ರದರ್ಶನಕ್ಕಾಗಿ 1855ರಲ್ಲಿ ಫ್ರಾನ್ಸಿನ ಬೋರ್ಡೋ ಪ್ರಾಂತದ ಕೆಂಪು ವೈನ್ ತೋಟಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದರು. ಹೆಚ್ಚೂಕಡಿಮೆ ಆ ಪಟ್ಟಿಯನ್ನೇ ಇವರು ನಕಲು ಮಾಡಿದ್ದರು. ಎಲ್ಲವೂ ಇತ್ತೀಚಿನ ವರ್ಷದವು. ಅಂಥ ಕೆಂಪು ವೈನ್ ಹತ್ತು ಹದಿನೈದು ವರ್ಷ ಕತ್ತಲಲ್ಲಿ ಮಲಗಿ ಎದ್ದ ಮೇಲೆ ಕುಡಿಯುವಂಥದ್ದು. ಎಳೆಯದನ್ನು ಕುಡಿದರೆ ಬಲಿಯದ ಬಾಳೆಕಾಯಿ ಕಚ್ಚಿದ ಹಾಗೆ ಒಗರು. ದುಡ್ಡಿರುವ ಗಿರಾಕಿಗೆ ಚೀಟಿ ತೋರಿಸಲು ಮಾಡಿದ ಪಟ್ಟಿ ಅದು, ಊಟದ ಜೊತೆಗೆ ಅಲ್ಲ.

ಮೂರನೆಯದು ಎರಡೇ ಪುಟ, ಮೂವತ್ತೆಂಟು ಬಾಟಲಿ. ಲ್ವಾರ್ ಕಣಿವೆಯವು ಐದು, ಬೋಜೊಲೆಯ ಮೊರ್ಗೋಂ ಹಳ್ಳಿಯದೊಂದು, ಆಲ್ಸಾಸಿನ ರೀಸ್ಲಿಂಗ್ ಎರಡು. ಶಾಂಪೇನ್ ಒಂದೇ. ಆದರೆ ಅದೇ ಪದ್ಧತಿಯಲ್ಲಿ, ಬಾಟಲಿಯೊಳಗೇ ಎರಡನೆಯ ಸಲ ಹುದುಗಿಸಿ ಬೇರೆ ಪ್ರಾಂತಗಳಲ್ಲಿ ತಯಾರಿಸುವ ಕ್ರೆಮಾಂ ಎರಡು ಬಗೆಯವು, ಬಹಳ ಕಡಿಮೆ ಬೆಲೆಗೆ. ಕೊನೆಯಲ್ಲಿ ನಂದಿ ಬೆಟ್ಟದ ತಪ್ಪಲಿನವು ಎರಡು. ಇದು ನನಗೆ ಮೆಚ್ಚುಗೆಯಾಯಿತು. ದೊಡ್ಡಬಳ್ಳಾಪುರದ ಬಳಿ ಗ್ರೋವರ್ ಅವರ ತೋಟ ಶುರುವಾದದ್ದು 1988ರಲ್ಲಿ. ಬೋರ್ಡೋದ ಹೆಸರಾಂತ ವೈನ್ ತಜ್ಞ ಮಿಷೆಲ್ ರೋಲಾಂ ಅವರೇ ವರ್ಷಗಟ್ಟಲೆ ಅದಕ್ಕೆ ಸಲಹೆಗಾರರಾಗಿದ್ದರು. ಬೆಂಗಳೂರಿನಲ್ಲಿ ಕುಳಿತು ಅದರ ಕಡೆ ಮೂಗು ಮುರಿಯುವ ಫ್ರೆಂಚ್ ರೆಸ್ಟೋರೆಂಟು ನನಗೆ ಅರ್ಥವಾಗುವುದಿಲ್ಲ. ನಾನು ದೇವನಹಳ್ಳಿ ಕಡೆಯವನು, ನಮ್ಮಪ್ಪ ಬೆಂಗಳೂರು ಬ್ಲೂ ಬೆಳೆಯುತ್ತಿದ್ದರು, ಹಾಗಾಗಿ ಪಕ್ಷಪಾತ ಇರಬಹುದು. ಆದರೂ ಬೆಂಗಳೂರು ಬ್ಲೂ ತಿನ್ನುವುದಕ್ಕೆ, ಜಾಮಿಗೆ, ರಸಕ್ಕೆ ಚೆಂದ. ಊಟದ ವೈನಿಗೆ ಅದರ ಗಾಢ ವಾಸನೆ ಅಡ್ಡ ಬರುತ್ತದೆ ಎಂದು ಅಪ್ಪನ ಎದುರೇ ಹೇಳಿ ಬೈಸಿಕೊಂಡಿದ್ದೇನೆ.

ಬೆಲೆ ನೋಡಿ ಲೆಕ್ಕಪರಿಶೋಧಕರು ಗಾಬರಿಯಾದರು. ಫ್ರಾನ್ಸಿನ ತೋಟದಲ್ಲಿ ಹತ್ತು ಯೂರೊ ಇರುವ ಬಾಟಲಿ, ವರ್ಷಗಟ್ಟಲೆಯಿಂದ ಇದ್ದ ಶೇ 150ರ ಆಮದು ಸುಂಕವೊಂದರಿಂದಲೇ ಇಪ್ಪತ್ತೈದು ಯೂರೊ ಆಗುತ್ತಿತ್ತು. ಅದರ ಮೇಲೆ ಸಾಗಣೆ, ರಾಜ್ಯದ ಅಬಕಾರಿ, ಆಮದುದಾರರ ಲಾಭ. ಇಷ್ಟಾದ ಮೇಲೆ ರೆಸ್ಟೋರೆಂಟು ತನ್ನ ಅಸಲಿನ ಎರಡು ಮೂರು ಪಟ್ಟು ಹಾಕುತ್ತದೆ. ಲೋಟದ ಲೆಕ್ಕದಲ್ಲಿ ಕೊಳ್ಳುವಾಗ, ಮೊದಲ ಲೋಟಕ್ಕೇ ಅವರಿಗೆ ಬಾಟಲಿಯ ಅಸಲು ಹುಟ್ಟಿಬಿಡುವುದು ಈ ಕಸುಬಿನಲ್ಲಿ ಮಾಮೂಲು. ಇದರಲ್ಲಿ ಮೋಸವೇನಿಲ್ಲ, ಉಳಿದ ನಾಲ್ಕು ಲೋಟ ಮಾರದೆ ಕೆಟ್ಟರೆ ನಷ್ಟ ಅವರದೇ. ಸುಂಕದ ದರ ಫ್ರೆಂಚ್ ವೈನುಗಳಿಗೆಲ್ಲ ಒಂದೇ ಇದ್ದುದರಿಂದ, ಖ್ಯಾತಿಗೆ ದುಡ್ಡು ತೆರುವ ಬದಲು ಖ್ಯಾತಿಯಿಲ್ಲದ ಊರಿನ ಒಳ್ಳೆಯ ವೈನ್ ಹುಡುಕುವವನೇ ಇಲ್ಲಿ ಜಾಣ. ಎರಡು ಪುಟದ ಪಟ್ಟಿ ಬರೆದವನು ಅದನ್ನೇ ಮಾಡಿದ್ದ.

ಪಟ್ಟಿ ಗೆದ್ದಿತು. ಬಾಟಲಿ ಹೇಗಿದೆಯೋ ನೋಡಬೇಕಲ್ಲ. ಅದು ಬೆಂಗಳೂರಿನಲ್ಲಿ ಉಷ್ಣಾಂಶ 38 ಡಿಗ್ರಿ ದಾಟಿದ ಏಪ್ರಿಲ್. ವೈನ್ ಮಲಗಬೇಕಾದದ್ದು ಹನ್ನೆರಡು ಹದಿಮೂರು ಡಿಗ್ರಿಯಲ್ಲಿ. ನಮ್ಮದು ತಂಪು ಊರು ಎಂಬ ಹಳೆಯ ನಂಬಿಕೆಯಲ್ಲಿ ಬಾಟಲಿಗಳನ್ನು ಬಾರಿನ ದೀಪದ ಕೆಳಗೆ, ಕಾಫಿ ಯಂತ್ರದ ಪಕ್ಕ ಸಾಲಾಗಿ ನಿಲ್ಲಿಸುವ ಜಾಗಗಳನ್ನು ಬೇಕಾದಷ್ಟು ಕಂಡಿದ್ದೇನೆ. ಬಿಸಿ ತಿಂದ ಬಾಟಲಿಯ ಬಿರಡೆ ಮೇಲೆದ್ದಿರುತ್ತದೆ, ಕತ್ತಿನಲ್ಲಿ ಅಂಟು ಜಿನುಗಿರುತ್ತದೆ. ಒಳಗೆ ಹಣ್ಣಿನ ತಾಜಾತನ ಹೋಗಿ ಬೇಯಿಸಿದ ಹಣ್ಣಿನ ರುಚಿ. ಹಾಗಾಗಿ ನಾನೇ ಫೋನ್ ಮಾಡಿದೆ. ವೈನ್ ನೋಡಿಕೊಳ್ಳುವವರು ಯಾರು, ಎಲ್ಲಿಡುತ್ತೀರಿ, ಲೋಟದಲ್ಲಿ ಕೊಡುವ ಬಾಟಲಿ ತೆರೆದು ಎಷ್ಟು ದಿನವಾಗಿರುತ್ತದೆ ಎಂದು ಕೇಳಿದೆ. ಹುಡುಗನೊಬ್ಬ ಫೋನಿಗೆ ಬಂದ. "ಬಿಳಿಯದು ಎರಡು ದಿನ, ಕೆಂಪು ಮೂರು ದಿನ ಸರ್, ಆಮೇಲೆ ಅಡುಗೆಮನೆಗೆ ಕೊಡುತ್ತೇವೆ. ಕೆಂಪನ್ನು ಹದಿನಾರು ಡಿಗ್ರಿಯಲ್ಲಿ ಕೊಡುತ್ತೇನೆ, ಕೆಲವರು ತಣ್ಣಗಾಯಿತು ಎಂದು ಬೈಯುತ್ತಾರೆ" ಎಂದ. ಬೈಯುವವರದೇ ತಪ್ಪು. ಕೆಂಪು ವೈನನ್ನು ಕೋಣೆಯ ತಾಪದಲ್ಲಿ ಕುಡಿಯಬೇಕು ಎಂಬ ಮಾತು ಹುಟ್ಟಿದ್ದು ಹಳೆಯ ಯುರೋಪಿನ ಚಳಿ ಕೋಣೆಗಳಲ್ಲಿ, ಜಯನಗರದ ಬೇಸಿಗೆಯಲ್ಲಿ ಅಲ್ಲ. ಬೆಚ್ಚಗಿದ್ದರೆ ಹತ್ತು ನಿಮಿಷ ಐಸಿನ ಬಕೆಟ್ಟಿನಲ್ಲಿ ಇಡಿ ಎಂದು ಕೇಳಲು ಸಂಕೋಚ ಬೇಡ.

ಇನ್ನೊಂದು ಸಂಕೋಚವನ್ನೂ ಇಲ್ಲಿಯೇ ಕಳೆಯುತ್ತೇನೆ. ಬಾಟಲಿ ತೆರೆದು ಮೊದಲು ಒಂದು ಗುಟುಕು ಸುರಿಯುವುದು ನಿಮಗೆ ಇಷ್ಟವಾಯಿತೇ ಎಂದು ಕೇಳಲು ಅಲ್ಲ, ವೈನ್ ಕೆಟ್ಟಿದೆಯೇ ಎಂದು ನೋಡಲು. ಬಿರಡೆಯ ದೋಷ ತಗುಲಿದ ವೈನು ಮಳೆಯಲ್ಲಿ ನೆನೆದು ಮೂಲೆಗೆ ಬಿದ್ದ ಗೋಣಿಚೀಲದಂತೆ ನಾರುತ್ತದೆ. ಒಮ್ಮೆ ಈ ಊರಿನಲ್ಲೇ ನನಗೆ ಅಂಥ ಬಾಟಲಿ ಸಿಕ್ಕಿತು. ಹೇಳಿದರೆ ಬಡಿಸುವಾತ ಕನಿಕರದಿಂದ ನಕ್ಕು, "ಫ್ರೆಂಚ್ ವೈನು ಹೀಗೆಯೇ ಇರುತ್ತದೆ ಸರ್, ಅಭ್ಯಾಸವಾಗಬೇಕು" ಎಂದ. ನಾನು ಏನು ಕೆಲಸ ಮಾಡುತ್ತೇನೆ ಎಂದು ಹೇಳಲಿಲ್ಲ. ಮತ್ತೆ ಅತ್ತ ಹೋಗಲೂ ಇಲ್ಲ.

ಈಗ ಅಡುಗೆಮನೆ. ನನ್ನ ಹೆಂಡತಿಯ ಅಕ್ಕ ವೈನ್ ಒಂದು ಲೋಟ ಕುಡಿಯುತ್ತಾರೆ, ಮೊಟ್ಟೆ ಮಾತ್ರ ಮುಟ್ಟುವುದಿಲ್ಲ. ಬೆಂಗಳೂರಿನಲ್ಲಿ ಇಂಥವರು ಬಹಳ. ಫ್ರೆಂಚ್ ಅಡುಗೆಯಲ್ಲಿ ಮಾಂಸ ತಟ್ಟೆಯ ಮೇಲೆ ಕಾಣುವುದಕ್ಕಿಂತ ತಳದಲ್ಲಿ ಅಡಗಿರುವುದು ಹೆಚ್ಚು. ಈರುಳ್ಳಿ ಸೂಪು ಎಂದರೆ ಸಸ್ಯಾಹಾರ ಎಂದುಕೊಂಡವರಿಗೆ ತಿಳಿದಿರಲಿ, ಅದರ ಮೂಲ ರೂಪ ದನದ ಮೂಳೆ ಕುದಿಸಿದ ಸ್ಟಾಕಿನದು; ಇಲ್ಲಿ ಸಾಮಾನ್ಯವಾಗಿ ಕೋಳಿಯದು. ಹಾಲಂಡೇಸ್ ಸಾಸಿನಲ್ಲಿ ಮೊಟ್ಟೆ, ಸುಫ್ಲೆಯಲ್ಲಿ ಮೊಟ್ಟೆ, ಸಿಹಿಯಲ್ಲಿ ಮುಕ್ಕಾಲು ಪಾಲು ಮೊಟ್ಟೆ. ಹಳೆಯ ಪದ್ಧತಿಯ ಚೀಸನ್ನು ಹೆಪ್ಪುಗಟ್ಟಿಸುವುದು ಕರುವಿನ ಹೊಟ್ಟೆಯ ಕಿಣ್ವದಿಂದ. ಅಷ್ಟೇಕೆ, ವೈನನ್ನೇ ತಿಳಿಗೊಳಿಸಲು ಮೊಟ್ಟೆಯ ಬಿಳಿಭಾಗವನ್ನೋ ಮೀನಿನ ಗಾಳಿಚೀಲದ ಅಂಟನ್ನೋ ಬಳಸುವ ತಯಾರಕರಿದ್ದಾರೆ. ಅದೆಲ್ಲ ತಳಕ್ಕಿಳಿದು ಬೇರ್ಪಡುತ್ತದೆ. ಆದರೂ ಮನಸ್ಸಿಗೆ ಒಗ್ಗದಿದ್ದರೆ ಬೆಂಟೊನೈಟ್ ಜೇಡಿಮಣ್ಣಿನಿಂದ ತಿಳಿಗೊಳಿಸಿದ್ದು ಸಿಗುತ್ತದೆ, ಕೇಳಬೇಕು. ಇದನ್ನು ಮೇಜಿನ ಮುಂದೆ ಕುಳಿತು ಕೇಳಿದರೆ "ನೋಡಿ ಹೇಳುತ್ತೇನೆ" ಎಂದು ಹೋದವನು ತಿರುಗಿ ಬರುವುದಿಲ್ಲ. ಎರಡು ದಿನ ಮೊದಲೇ ಕೇಳಿದರೆ ಕಸುಬು ಗೊತ್ತಿರುವ ಬಾಣಸಿಗ ತರಕಾರಿ ಸ್ಟಾಕನ್ನು ಬೇರೆಯಾಗಿ ಕಾಯಿಸುತ್ತಾನೆ. ಹೀಗೆ ಕೇಳಿದ್ದಕ್ಕೆ ಬೇಸರಪಟ್ಟುಕೊಳ್ಳುವ ಜಾಗವಾದರೆ ಅಲ್ಲಿಗೆ ಹೋಗಬೇಡಿ. ಅಂದಹಾಗೆ, ಬಾತಿನ ಯಕೃತ್ತನ್ನು ಕೊಬ್ಬಿಸಿ ಮಾಡುವ ಫ್ವಾ ಗ್ರಾದ ಆಮದನ್ನು ಭಾರತ 2014ರಲ್ಲೇ ನಿಷೇಧಿಸಿದೆ. ಮೆನುವಿನಲ್ಲಿ ಅದನ್ನು ಕಂಡರೆ ಎಲ್ಲಿಂದ ಬಂತು ಎಂದು ಕೇಳಿ, ಮುಖ ನೋಡಿ.

ಸಸ್ಯಾಹಾರಕ್ಕೆ ವೈನ್ ಹೊಂದಿಸುವುದೇ ನನಗೆ ಹೆಚ್ಚು ಖುಷಿಯ ಕೆಲಸ. ಒಗರು ಕೆಂಪು ವೈನಿಗೆ ಮಾಂಸದ ಕೊಬ್ಬು ಬೇಕು. ತರಕಾರಿಯ ಎದುರು ಅದು ನಾಲಿಗೆಯನ್ನು ಒಣಗಿಸುತ್ತದೆ. ಅಣಬೆಗೆ ಒಗರು ಕಡಿಮೆಯಿರುವ ಕೆಂಪು ವೈನ್, ಬರ್ಗಂಡಿಯ ಪಿನೊ ನ್ವಾರ್, ಹೇಳಿ ಮಾಡಿಸಿದ ಜೋಡಿ, ಎರಡರಲ್ಲೂ ಮಳೆ ಬಿದ್ದ ಮಣ್ಣಿನ ಘಮ. ಕೆನೆ ಹಾಕಿ ಬೇಯಿಸಿದ ಆಲೂಗಡ್ಡೆಯ ಗ್ರಾತಾಂಗೆ ಹುಳಿ ಚುರುಕಾಗಿರುವ ಶಾಬ್ಲಿ. ಮೇಕೆ ಹಾಲಿನ ಚೀಸಿಗೆ ಲ್ವಾರ್ ಕಣಿವೆಯ ಬಿಳಿ ವೈನ್ ಸಾನ್ಸೇರ್. ಆ ಚೀಸಿಗೆ ಹೆಸರಾದ ಶಾವಿನ್ಯೋಲ್ ಹಳ್ಳಿ ಇರುವುದೇ ಸಾನ್ಸೇರ್ ದ್ರಾಕ್ಷಿತೋಟಗಳ ನಡುವೆ. ಶತಾವರಿ ಚಿಗುರು ಮತ್ತು ಆರ್ಟಿಚೋಕ್ ಮಾತ್ರ ಯಾವ ವೈನನ್ನೂ ಬದುಕಗೊಡುವುದಿಲ್ಲ. ಅವು ಬಂದಾಗ ನೀರು ಕುಡಿಯಿರಿ.

ಎಲ್ಲ ಕೇಳಿ ಮುಗಿಸಿ, ಏಪ್ರಿಲ್ 25ರ ರಾತ್ರಿಗೆ ಎರಡು ಕುರ್ಚಿ ಎಂದೆ. ಹುಡುಗ ತಡವರಿಸಿದ. "ಸರ್, 26ಕ್ಕೆ ಮತದಾನ. ಅಂದು ವೈನ್ ಕೊಡುವಂತಿಲ್ಲ." ನಿಜ. ಮತದಾನ ಮುಗಿಯುವ ಹಿಂದಿನ 48 ಗಂಟೆ ಮದ್ಯ ಬಂದ್. ಇಷ್ಟು ವರ್ಷ ಈ ಕಸುಬಿನಲ್ಲಿದ್ದು ಲೋಕಸಭಾ ಚುನಾವಣೆಯನ್ನೇ ಮರೆತಿದ್ದೆ. ಬೆಳ್ಳಿಹಬ್ಬವನ್ನು ಶನಿವಾರ, 27ಕ್ಕೆ ಮುಂದೂಡಿದೆವು.

ಭಾನುವಾರ ಬೆಳಿಗ್ಗೆ ಷಡ್ಡಕರ ಫೋನ್. ಊಟ ಚೆನ್ನಾಗಿತ್ತು. ಈರುಳ್ಳಿ ಸೂಪನ್ನು ಅಕ್ಕ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೇ ತಿಂದರಂತೆ. ಬಿಲ್ಲಿನಲ್ಲಿ ಸೇವಾ ಶುಲ್ಕ ಹಾಕಿದ್ದರಂತೆ. ಅದನ್ನು ತಾನಾಗಿ ಸೇರಿಸುವಂತಿಲ್ಲ ಎಂದು ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿತ್ತು, ಆಮೇಲೆ 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಇವರು ಹೈಕೋರ್ಟಿಗೆ ಕಾಯದೆ ಅಲ್ಲೇ ತೆಗೆಸಿ, ಅಷ್ಟೇ ಹಣವನ್ನು ವೈನ್ ಹುಡುಗನ ಕೈಗಿಟ್ಟು ಬಂದಿದ್ದರು.

"ಎಲ್ಲ ಸರಿ, ಒಂದು ತಪ್ಪಾಯಿತು" ಎಂದರು. ನನ್ನ ಎದೆ ಧಸಕ್ಕೆಂದಿತು. "ಲೋಟದಲ್ಲೇ ತರಿಸಿಕೊಂಡೆವು. ಸಾನ್ಸೇರ್ ಅವಳಿಗೆ ಎರಡು, ನನಗೆ ಎರಡು. ಮನೆಗೆ ಬಂದು ಕೂಡಿಸಿದೆ. ಆ ದುಡ್ಡಿಗೆ ಒಂದು ಪೂರ್ತಿ ಬಾಟಲಿ ಬರುತ್ತಿತ್ತು, ಬಾಟಲಿಯಲ್ಲಿ ಐದು ಲೋಟ ಇರುತ್ತದೆ. ಮೊದಲೇ ಹೇಳಬಾರದಿತ್ತೇನಪ್ಪಾ?"